ಈ ವರ್ಷ ಓದಿದ ಕನ್ನಡ ಪುಸ್ತಕಗಳು: ಸ್ಟಾರ್ ಬೇಡ, ಎಲ್ಲಿ ಜಗ್ಗುತ್ತೆ ಹೇಳಿ (ಜೊತೆಗೆ ‘ಮದುಮಗಳು’ ನೂರನೇ ಪುಟ ದಾಟುವುದು ಹೇಗೆ?)

ಹಾಳೆಮಡಿಕೆ:

ವರ್ಷ ಮುಗಿಯುತ್ತಾ ಬಂತು. ಎಲ್ಲರೂ ಪಟ್ಟಿ ಹಾಕುತ್ತಿದ್ದೀರಿ. ನೋಡಿದರೆ ಬರೀ ‘ಅದ್ಭುತ’, ‘ಓದಲೇಬೇಕು’, ಐದಕ್ಕೆ ನಾಲ್ಕೂವರೆ ಸ್ಟಾರ್. ಪುಸ್ತಕ ಎಲ್ಲಿ ಜಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ ಎಂಬುದನ್ನು ಯಾರೂ ಬರೆಯುವುದಿಲ್ಲ. ಹಾಗಾಗಿ ನನ್ನ ಕಡೆಯಿಂದ ಮೊದಲು.

ತೇಜಸ್ವಿಯವರ ‘ಕರ್ವಾಲೊ’: ಹಾರುವ ಓತಿಯ ಹುಡುಕಾಟದ ಕಾದಂಬರಿ ಎಂದು ಹೇಳಿ ಯಾರಿಗೂ ಕೊಡಬೇಡಿ. ಓತಿ ಎಲ್ಲಿ ಓತಿ ಎಲ್ಲಿ ಎಂದು ಕಾಯುತ್ತಾ ಕೂತರೆ ಮೊದಲರ್ಧ ಬರೀ ಹರಟೆಯಂತೆ ಕಾಣುತ್ತದೆ. ಜೇನು, ಮಂದಣ್ಣನ ಮದುವೆಯ ಪಡಿಪಾಟಲು, ಬಿರಿಯಾನಿ ಕರಿಯಪ್ಪ, ಇವೇ ಕಥೆ. ಮಂದಣ್ಣನ ಕಣ್ಣು ಎಂಥದ್ದು ಎಂದು ಅಲ್ಲಿ ಗೊತ್ತಾಗದಿದ್ದರೆ ಕೊನೆಯ ಕಾಡಿನ ಭಾಗಕ್ಕೆ ಬಲವೇ ಇಲ್ಲ.

ಕಾರಂತರ ‘ಮರಳಿ ಮಣ್ಣಿಗೆ’: ರಾಮೈತಾಳರ ಕಾಲದ ಭಾಗ ಗಟ್ಟಿ. ಪಾರೋತಿ, ಸರಸೋತಿ ಇಬ್ಬರ ದುಡಿಮೆಯಲ್ಲೇ ಮನೆ ನಿಂತಿದೆ. ಮಗ ಲಚ್ಚನ ಕಾಲಕ್ಕೆ ಬಂದಾಗ ಸಿಟ್ಟು ಬರುತ್ತದೆ, ಪುಸ್ತಕದ ಮೇಲಲ್ಲ, ಅವನ ಮೇಲೆ. ಮೂರನೇ ತಲೆಮಾರಿನ ರಾಮನ ಭಾಗ ನನಗೆ ಸ್ವಲ್ಪ ಉದ್ದ ಅನಿಸಿತು.

ಇನ್ನು ಪ್ರಶ್ನೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ನೂರನೇ ಪುಟದ ಆಸುಪಾಸಿನಲ್ಲಿ ನಿಂತುಬಿಟ್ಟಿದೆ, ಯಾರು ಯಾರ ಮನೆಯವರು ಎಂದೇ ತಿಳಿಯುತ್ತಿಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ ತೆಳ್ಳಗಿನ ಪುಸ್ತಕ, ಆದರೂ ಹತ್ತು ಪುಟ ಮುಂದೆ ಹೋಗುವುದಿಲ್ಲ. ಮತ್ತೆ, ಬೂಕರ್ ಪ್ರಶಸ್ತಿ ಬಂದ ‘ಹಾರ್ಟ್ ಲ್ಯಾಂಪ್’ ಅನ್ನು ಕನ್ನಡದಲ್ಲೇ ಓದಬೇಕು ಎಂದರೆ ‘ಎದೆಯ ಹಣತೆ’ ತಗೊಂಡರೆ ಆಯಿತಲ್ಲ? ಮುಂದಿನ ವರ್ಷಕ್ಕೆ ಟಿಪ್ಪಣಿ ಇಡುವ ಸರಿಯಾದ ಕ್ರಮ ಇದ್ದರೆ ಅದನ್ನೂ ಹೇಳಿ.

ಕಿರುಜಗಲಿ:

‘ಮದುಮಗಳು’ ಬಗ್ಗೆ ಮಾತ್ರ ಹೇಳುತ್ತೇನೆ.

ನೂರನೇ ಪುಟದಲ್ಲಿ ನಿಲ್ಲುವವರು ಬಹಳ ಮಂದಿ. ಕಾರಣ ಒಂದೇ: ನಾವು ನಾಯಕನನ್ನು ಹುಡುಕುತ್ತೇವೆ. ಗುತ್ತಿ, ಅವನ ನಾಯಿ ಹುಲಿಯ ಸಿಕ್ಕ ಕೂಡಲೇ ‘ಸರಿ, ಇವನದೇ ಕಥೆ’ ಎಂದು ಹಿಂದೆ ಬೀಳುತ್ತೇವೆ. ಅಷ್ಟರಲ್ಲಿ ಕಥೆ ಅವನನ್ನು ದಾರಿಯಲ್ಲೇ ಬಿಟ್ಟು ಇನ್ನೊಬ್ಬರ ಮನೆಯ ಜಗಲಿ ಹತ್ತಿ ಕೂತಿರುತ್ತದೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕುವೆಂಪು ಪುಸ್ತಕದ ಹೊಸ್ತಿಲಲ್ಲೇ ಹೇಳಿದ್ದಾರೆ. ಅದನ್ನು ಅಲಂಕಾರದ ಮಾತು ಎಂದು ದಾಟಿಬಿಡುತ್ತೇವೆ; ನಿಜಕ್ಕೂ ಅದು ಓದುವ ಕ್ರಮ.

ಆದ್ದರಿಂದ ಪಾತ್ರಗಳ ಪಟ್ಟಿ ಮಾಡಬೇಡಿ, ಮನೆಗಳ ಪಟ್ಟಿ ಮಾಡಿ. ಒಂದು ಎ4 ಹಾಳೆ ಅಡ್ಡ ಇಟ್ಟುಕೊಂಡು ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ, ಮೇಗರವಳ್ಳಿ ಎಂದು ಆರು ಕಡೆ ಬರೆದು ಸುತ್ತ ಜಾಗ ಬಿಡಿ. ಹೆಸರು ಬಂದಂತೆ ಆಯಾ ಊರಿನ ಕೆಳಗೆ ಸೇರಿಸಿ: ಸಿಂಬಾವಿಗೆ ಭರಮೈ ಹೆಗ್ಗಡೆ ಮತ್ತು ಅವರ ಆಳು ಗುತ್ತಿ, ಹಳೆಮನೆಗೆ ಸುಬ್ಬಣ್ಣ ಹೆಗ್ಗಡೆ, ಕೋಣೂರಿಗೆ ಮುಕುಂದಯ್ಯ, ಐತ, ಪೀಂಚಲು, ಬೆಟ್ಟಳ್ಳಿಗೆ ಕಲ್ಲಯ್ಯಗೌಡ, ದೇವಯ್ಯ, ಅಲ್ಲಿಯ ಕೇರಿಯ ತಿಮ್ಮಿ, ಹೂವಳ್ಳಿಗೆ ವೆಂಕಪ್ಪನಾಯಕ, ಚಿನ್ನಮ್ಮ, ಮೇಗರವಳ್ಳಿಗೆ ಅಂತಕ್ಕ. ಯಾರಾದರೂ ಒಂದು ಊರಿಂದ ಇನ್ನೊಂದಕ್ಕೆ ನಡೆದರೆ ಪೆನ್ಸಿಲಿನಲ್ಲಿ ಬಾಣ ಎಳೆದು ಪುಟಸಂಖ್ಯೆ ಹಾಕಿ.

ಇಷ್ಟೆಲ್ಲ ಯಾಕೆ ಎಂದರೆ ಕಥೆಯ ಬಿಕ್ಕಟ್ಟು ಇರುವುದೇ ಈ ಮನೆಗಳ ಗಡಿಯಲ್ಲಿ. ಗುತ್ತಿ ಒಬ್ಬ ಒಡೆಯನ ಆಳು, ತಿಮ್ಮಿ ಇನ್ನೊಬ್ಬ ಒಡೆಯನ ಕೇರಿಯವಳು. ಅವಳನ್ನು ಹಾರಿಸಿಕೊಂಡು ಬರುವುದೆಂದರೆ ಬರೀ ಪ್ರೇಮಪ್ರಕರಣವಲ್ಲ, ಒಬ್ಬ ಗೌಡರ ಆಸ್ತಿಗೆ ಇನ್ನೊಬ್ಬ ಹೆಗ್ಗಡೆಯ ಆಳು ಕೈಹಾಕಿದಂತೆ. ಯಾರು ಎಲ್ಲಿಯವರು ಎಂಬುದು ಮರೆತರೆ ಆ ಓಟದ ಅಪಾಯವೇ ಅರ್ಥವಾಗುವುದಿಲ್ಲ, ಅವರು ಕಾಡಿನಲ್ಲಿ ಸುಮ್ಮನೆ ಸುತ್ತುತ್ತಿದ್ದಾರೆ ಅನಿಸುತ್ತದೆ. ನೂರೈವತ್ತನೇ ಪುಟದ ಹೊತ್ತಿಗೆ ಹಾಳೆಯ ಮೇಲೆ ಗುತ್ತಿ–ತಿಮ್ಮಿ, ಮುಕುಂದಯ್ಯ–ಚಿನ್ನಮ್ಮ, ಐತ–ಪೀಂಚಲು ಎಂಬ ಜೋಡಿಗಳು ತಾವಾಗಿ ಎದ್ದು ಕಾಣುತ್ತವೆ. ಆಮೇಲೆ ಹಾಳೆ ಬೇಕಾಗುವುದಿಲ್ಲ.

ಎರಡನೇ ತಪ್ಪು ವೇಗದ್ದು. ಪುಸ್ತಕ ಏಳುನೂರು ಪುಟ ದಾಟುತ್ತದೆ. ಮಲಗುವ ಮುಂಚೆ ಮೂರು ಪುಟ ಎಂದು ಹೊರಟರೆ ಹಿಂದಿನ ಮನೆ ಮರೆಯುವಷ್ಟರಲ್ಲಿ ಮುಂದಿನ ಮನೆ ಬಂದಿರುತ್ತದೆ. ಮೊದಲ ನೂರೈವತ್ತು ಪುಟಗಳನ್ನು ನಾಲ್ಕೈದು ದಿನದಲ್ಲಿ, ಅಂದರೆ ದಿನಕ್ಕೆ ಮೂವತ್ತರಿಂದ ನಲವತ್ತು ಪುಟದಂತೆ ಮುಗಿಸಿ. ಅಲ್ಲಿಂದ ಮುಂದೆ ದಿನಕ್ಕೆ ಹದಿನೈದು ಸಾಕು, ಒಟ್ಟು ಒಂದೂವರೆ ತಿಂಗಳೊಳಗೆ ಮುಗಿಯುತ್ತದೆ.

ಮೂರನೆಯದು, ಕಾಡು–ಮಳೆಯ ವರ್ಣನೆ ಹಾರಿಸುವುದು. ಹಾರಿಸಿದರೆ ಹೊತ್ತು ಎಷ್ಟಾಯಿತು, ಹೊಳೆ ದಾಟುವಂತಿದೆಯೋ ಇಲ್ಲವೋ ಎಂಬುದು ತಪ್ಪಿಹೋಗುತ್ತದೆ. ಪಾತ್ರಗಳ ತೀರ್ಮಾನಗಳು ಅದರ ಮೇಲೆ ನಿಂತಿವೆ. ಕೊನೆಯ ಭಾಗದಲ್ಲಿ ತುಂಗೆ ಯಾಕೆ ಅಷ್ಟು ಹೆದರಿಸುತ್ತಾಳೆ ಎಂದು ಹಾರಿಸಿದವರಿಗೆ ತಿಳಿಯುವುದಿಲ್ಲ.

ಪದಗಳಿಗೆ ನಿಘಂಟು ಹಿಡಿದು ಕೂರಬೇಡಿ. ಕಂಬಳಿಕೊಪ್ಪೆ (ಮಳೆಗೆ ತಲೆಯ ಮೇಲಿಂದ ಮಡಿಸಿ ಹೊದೆಯುವ ಕಂಬಳಿ), ಸೇರೆಗಾರ (ಘಟ್ಟದ ಕೆಳಗಿನಿಂದ ಆಳು ಕರೆತಂದು ದುಡಿಸುವ ಮೇಸ್ತ್ರಿ), ಬಗನಿ (ಕಳ್ಳು ಇಳಿಸುವ ಮರ) ಇಂಥ ಹತ್ತು ಹದಿನೈದು ಪದ ತಿಳಿದರೆ ಮಿಕ್ಕವು ಸಂದರ್ಭದಲ್ಲೇ ಬಿಡಿಸಿಕೊಳ್ಳುತ್ತವೆ.

ಮೂರನೇಓದು:

ಕಿರುಜಗಲಿ ಅವರ ಮನೆಪಟ್ಟಿ ಒಪ್ಪಿದೆ. ಆದರೆ ಒಂದು ಸೇರಿಸಬೇಕು: ಮೊದಲು ಕುವೆಂಪು ಅವರದೇ ‘ಕಾನೂರು ಹೆಗ್ಗಡಿತಿ’ ಓದಿ. 1936ರದ್ದು, ‘ಮದುಮಗಳು’ವಿಗಿಂತ ಮೂವತ್ತೊಂದು ವರ್ಷ ಹಿಂದಿನ ಪುಸ್ತಕ. ಹೂವಯ್ಯ ಎಂಬ ನಾಯಕನ ಹಿಡಿಕೆ ಇದೆ, ಜಗಲಿ–ಗದ್ದೆ–ಕಾಡಿನ ಬದುಕು ಅಲ್ಲೇ ಪರಿಚಯ ಆಗುತ್ತದೆ.

ಕಿರುಜಗಲಿ:

ಭಾಷೆಗೆ ಸರಿ, ಮನಸ್ಸಿಗೆ ತಪ್ಪು. ಹೂವಯ್ಯನನ್ನು ಹಿಡಿದು ಓದಿ ಬಂದವರು ‘ಮದುಮಗಳು’ವಿನಲ್ಲೂ ಓದುಬರಹ ಬಲ್ಲ ಆದರ್ಶವಾದಿ ತರುಣನೊಬ್ಬನನ್ನು ಹುಡುಕಿ ಮುಕುಂದಯ್ಯನ ಮೇಲೆ ಎಲ್ಲ ಭಾರ ಹೊರಿಸುತ್ತಾರೆ. ಪೀಂಚಲು ಕೈತಪ್ಪಿಹೋಗುತ್ತಾಳೆ. ಮೈಸೂರು ರಂಗಾಯಣದಲ್ಲಿ 2010ರಲ್ಲಿ ಇಡೀ ರಾತ್ರಿ ಆಡಿದ ನಾಟಕ ನೋಡಿದ್ದರೆ ಅದು ಒಳ್ಳೆಯ ಪ್ರವೇಶ, ಮುಖಗಳು ನೆನಪಿರುತ್ತವೆ.

ಅಟ್ಟದಪೆಟ್ಟಿಗೆ:

‘ಹಾರ್ಟ್ ಲ್ಯಾಂಪ್’ = ‘ಎದೆಯ ಹಣತೆ’ ಎಂಬ ಲೆಕ್ಕ ತಪ್ಪು. ಈ ಗೊಂದಲದಲ್ಲಿ ಪುಸ್ತಕ ಕೊಂಡು ‘ಕತೆಗಳು ತಾಳೆಯಾಗುತ್ತಿಲ್ಲ’ ಎಂದು ದೂರುವುದು ಬೇಡ. ಬಾನು ಮುಷ್ತಾಕ್ ಅವರು 1990ರಿಂದ 2023ರವರೆಗೆ ಬರೆದ ಕತೆಗಳಲ್ಲಿ ಹನ್ನೆರಡನ್ನು ಆರಿಸಿ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದದ್ದು ‘ಹಾರ್ಟ್ ಲ್ಯಾಂಪ್’. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದದ್ದು ಆ ಆಯ್ಕೆಗೆ. ಶೀರ್ಷಿಕೆ ‘ಎದೆಯ ಹಣತೆ’ ಕತೆಯದು, ಆದರೆ ಉಳಿದವು ಬೇರೆ ಬೇರೆ ಸಂಕಲನಗಳಿಂದ ಬಂದವು. ಕೊಳ್ಳುವ ಮುಂಚೆ ಪರಿವಿಡಿ ತೆಗೆದು ‘ಎದೆಯ ಹಣತೆ’, ‘ಕರಿನಾಗರಗಳು’, ‘ಒಮ್ಮೆ ಹೆಣ್ಣಾಗು ಪ್ರಭುವೇ’ ಈ ಮೂರು ಇವೆಯೇ ನೋಡಿ. ಒಂದೇ ಪುಸ್ತಕದಲ್ಲಿ ಸಿಗದಿದ್ದರೆ ಒಂದಕ್ಕಿಂತ ಹೆಚ್ಚು ಸಂಕಲನ ಬೇಕು ಎಂದರ್ಥ. ಆನ್‌ಲೈನಿನಲ್ಲಿ ಮುಖಪುಟ ಮಾತ್ರ ತೋರಿಸಿದರೆ ಅಂಗಡಿಗೆ ಫೋನ್ ಮಾಡಿ ಪರಿವಿಡಿಯ ಫೋಟೊ ಕೇಳಿ, ಕಳಿಸುತ್ತಾರೆ.

ಅಭಿಪ್ರಾಯ ಕೇಳಿದಿರಲ್ಲ: ಹನ್ನೆರಡನ್ನೂ ಒಂದೇ ಸಮನೆ ಓದಬೇಡಿ. ಗಂಡನ ಬೇಜವಾಬ್ದಾರಿ, ಮುತವಲ್ಲಿಯ (ಮಸೀದಿಯ ಆಡಳಿತ ನೋಡುವವನ) ಉಡಾಫೆ, ತವರಿನ ಕೈಚೆಲ್ಲುವಿಕೆ ಕತೆಯಿಂದ ಕತೆಗೆ ಮರುಕಳಿಸುತ್ತವೆ. ಒಟ್ಟಿಗೆ ಓದಿದರೆ ಐದನೇ ಕತೆಗೆ ‘ಮತ್ತೆ ಅದೇ’ ಅನಿಸಿ, ಪ್ರತಿ ಹೆಂಗಸು ಬೇರೆ ಥರ ಎದುರು ನಿಲ್ಲುವುದು ಕಾಣದೆ ಹೋಗುತ್ತದೆ. ವಾರಕ್ಕೆ ಎರಡು ಸಾಕು. ‘ಕರಿನಾಗರಗಳು’ ಮೊದಲು ಓದಿ, ಆಮೇಲೆ ಅದನ್ನೇ ಆಧರಿಸಿದ ಕಾಸರವಳ್ಳಿಯವರ 2004ರ ‘ಹಸೀನಾ’ ಸಿನಿಮಾ ನೋಡಿ. ಕತೆಯ ಸಿಟ್ಟು ಸಿನಿಮಾದಲ್ಲಿ ಮೌನವಾಗಿದೆ. ನನ್ನ ಮಟ್ಟಿಗೆ ಕತೆಯೇ ಮೇಲು.

ಇಂಗ್ಲಿಷ್ ಓದುವವರಿಗೆ ಒಂದು ಮಾತು: ಅನುವಾದಕಿ ಕನ್ನಡ–ಉರ್ದು ಪದಗಳನ್ನು ಓರೆ ಅಕ್ಷರದಲ್ಲಿ ಹಾಕಿಲ್ಲ, ಅಡಿಟಿಪ್ಪಣಿಯೂ ಇಲ್ಲ. ಅದು ಮರೆವಲ್ಲ, ಬೇಕೆಂದೇ ಮಾಡಿದ್ದು. ‘ಅಚ್ಚಿನ ತಪ್ಪು’ ಎಂದು ವಿಮರ್ಶೆ ಬರೆದವರನ್ನು ನೋಡಿ ನಗು ಬಂತು.

ಕಪಿಲೆದಡ:

‘ಕುಸುಮಬಾಲೆ’ಗೆ ಒಂದೇ ಮದ್ದು: ಬಾಯಿಬಿಟ್ಟು ಓದಿ. ಕಣ್ಣಿನಲ್ಲಿ ಓದಿದರೆ ಆಗದು.

ಅದು ನಂಜನಗೂಡು–ಚಾಮರಾಜನಗರ ಕಡೆಯ ನುಡಿ. ಕಣ್ಣಿಗೆ ಅಪರಿಚಿತ, ಕಿವಿಗೆ ಅಷ್ಟೇನಲ್ಲ. ಮೂರು ಸೂತ್ರ ಇಟ್ಟುಕೊಳ್ಳಿ. ಪದದ ಮೊದಲ ಹಕಾರ ಬೀಳುತ್ತದೆ: ಹಟ್ಟಿ ‘ಅಟ್ಟಿ’ ಆಗುತ್ತದೆ, ಹೆಂಗೆ ‘ಎಂಗ’ ಆಗುತ್ತದೆ. ಕೊನೆಯ ಎಕಾರ ಅಕಾರವಾಗುತ್ತದೆ: ನನಗೆ ‘ನನಗ’, ಅದಕ್ಕೆ ‘ಅದ್ಕ’. ಬಿಡು–ಬಿಟ್ಟು ಎಂಬಲ್ಲಿ ‘ಬುಡು’, ‘ಬುಟ್ಟು’. ಇಷ್ಟು ತಲೆಯಲ್ಲಿದ್ದರೆ ಅರ್ಧಕ್ಕರ್ಧ ಗಂಟು ಬಿಚ್ಚಿತು.

ಇನ್ನರ್ಧ ಕಷ್ಟ ಭಾಷೆಯದಲ್ಲ, ಹೇಳುವ ರೀತಿಯದು. ಈ ಪುಸ್ತಕದಲ್ಲಿ ದೀಪಗಳೂ ಮಾತಾಡುತ್ತವೆ. ಜೋತಮ್ಮಗಳು (ಈ ದೀಪಗಳೇ) ಸೇರಿ ಮನೆಮನೆಯ ಸುದ್ದಿ ಹಂಚಿಕೊಳ್ಳುವಾಗ ‘ಇದೇನು, ಯಾರು ಮಾತಾಡ್ತಿರೋದು’ ಎಂದು ಹಿಂದಿನ ಪುಟ ತಿರುವಿದರೆ ಅಲ್ಲೇ ಸಿಕ್ಕಿಬಿದ್ದಿರಿ. ಅಜ್ಜಿ ಕತೆ ಹೇಳುವಾಗ ಯಾರೂ ‘ದೀಪ ಹೇಗೆ ಮಾತಾಡಿತು’ ಎಂದು ಕೇಳುವುದಿಲ್ಲವಲ್ಲ, ಹಾಗೆ. ಮೊದಲ ಸಲ ನಿಲ್ಲಿಸದೆ ಎರಡು ಬೈಠಕ್ಕಿನಲ್ಲಿ ಓದಿ ಮುಗಿಸಿ, ಅರ್ಥವಾಗದ್ದಕ್ಕೆ ಗೆರೆ ಎಳೆಯಲೂ ಹೋಗಬೇಡಿ. ಎರಡನೇ ಓದಿಗೆ ಕುಸುಮ, ಚನ್ನ, ಅಕ್ಕಮಹಾದೇವಮ್ಮ, ಯಾಡ ಈ ನಾಲ್ವರ ಸಂಬಂಧ ಮಾತ್ರ ಒಂದು ಚೀಟಿಯಲ್ಲಿ ಬರೆಯಿರಿ, ಮೊದಲ ಓದಿನಲ್ಲಿ ಬೇಡ. ಇಂಗ್ಲಿಷ್ ಅನುವಾದದಿಂದ ಕಥೆ ತಿಳಿದುಕೊಂಡು ಬರುತ್ತೇನೆ ಎನ್ನುವವರಿದ್ದಾರೆ. ಕಥೆ ತಿಳಿಯುತ್ತದೆ, ಆ ದನಿ ತಿಳಿಯುವುದಿಲ್ಲ. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಆ ದನಿಗೇ ಎಂದು ನನ್ನ ಎಣಿಕೆ.

‘ಮರಳಿ ಮಣ್ಣಿಗೆ’ಯ ಕೊನೆ ಭಾಗ ಉದ್ದ ಎಂದಿರಿ. ಒಪ್ಪುವುದಿಲ್ಲ. ಲಚ್ಚನ ಹೆಂಡತಿ ನಾಗವೇಣಿ ಪಟ್ಟ ಪಾಡನ್ನು ಅಷ್ಟು ವಿವರವಾಗಿ ಹೇಳಿದ ಮೇಲೆ ಮಗ ರಾಮ ಎರಡು ಪುಟದಲ್ಲಿ ಹೊಲಕ್ಕೆ ಮರಳಿದ್ದರೆ ಅದು ಸಿನಿಮಾ ಆಗುತ್ತಿತ್ತು.

ಮೂರನೇಓದು:

ಟಿಪ್ಪಣಿಯ ವಿಷಯ ಯಾರೂ ಮುಟ್ಟಲಿಲ್ಲ.

ಪುಸ್ತಕ ಮುಗಿದ ಎರಡು ದಿನದೊಳಗೆ ಬರೆಯಿರಿ. ಡಿಸೆಂಬರಿನಲ್ಲಿ ಕೂತು ಇಡೀ ವರ್ಷದ್ದು ಬರೆದರೆ ಅಕ್ಟೋಬರ್ ಮೇಲಿನವೇ ‘ವರ್ಷದ ಅತ್ಯುತ್ತಮ’ ಆಗುತ್ತವೆ, ಫೆಬ್ರವರಿಯವು ಮರೆತಿರುತ್ತವೆ. ಪುಸ್ತಕಕ್ಕೊಂದು ಅಂಚೆ ಕಾರ್ಡಿನಷ್ಟು ಜಾಗ ಸಾಕು: ಹೆಸರು, ಎಷ್ಟನೇ ಮುದ್ರಣ, ಶುರು ಮಾಡಿದ ಮತ್ತು ಮುಗಿಸಿದ ತಾರೀಕು, ಜಗ್ಗಿದ ಪುಟ, ಮತ್ತೆ ತೆರೆದು ನೋಡಬೇಕಾದ ಮೂರು ಪುಟ. ಇಷ್ಟೇ. ಸಾರಾಂಶ ಬರೆಯುವ ಚಪಲ ಬೇಡ, ಅದು ಬೆನ್ನುಪುಟದಲ್ಲೇ ಇರುತ್ತದೆ.

ಮುದ್ರಣ ಯಾಕೆ ಎಂದರೆ ಕನ್ನಡದ ಹಳೆಯ ಕಾದಂಬರಿಗಳು ಮತ್ತೆ ಮತ್ತೆ ಅಚ್ಚಾಗುತ್ತವೆ, ಅಕ್ಷರದ ಗಾತ್ರ ಬದಲಾದರೆ ಪುಟಸಂಖ್ಯೆಯೂ ಬದಲಾಗುತ್ತದೆ. ನಿಮ್ಮ 212ನೇ ಪುಟ ನನ್ನ ಪ್ರತಿಯಲ್ಲಿ 240 ಆಗಿರಬಹುದು. ಇ-ಪುಸ್ತಕದಲ್ಲಿ ಓದುವವರು ಪುಟಸಂಖ್ಯೆ ಬಿಟ್ಟು ಅಧ್ಯಾಯ ಮತ್ತು ಸಾಲಿನ ಮೊದಲ ಮೂರು ಪದ ಬರೆದುಕೊಳ್ಳಿ. ಹುಡುಕಲು ಅದೇ ಸುಲಭ.

ಅಂಟುಚೀಟಿ ಹಳೆಯ ಪುಸ್ತಕಕ್ಕೆ ಹಾಕಲೇಬೇಡಿ. ಕೆಲವು ತಿಂಗಳು ಬಿಟ್ಟರೆ ಅಂಟು ಕಾಗದಕ್ಕೆ ಇಳಿಯುತ್ತದೆ, ಕೀಳುವಾಗ ಪುಟದ ಪದರ ಎದ್ದು ಬರುತ್ತದೆ. ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನ (2ಬಿ ಸಾಕು) ಒಂದು ಚುಕ್ಕೆ, ಕೊನೆಯ ಖಾಲಿ ಹಾಳೆಯಲ್ಲಿ ಪುಟಸಂಖ್ಯೆ. ಗ್ರಂಥಾಲಯದ ಪುಸ್ತಕವಾದರೆ ಚುಕ್ಕೆಯೂ ಬೇಡ, ಚೀಟಿ ಇಟ್ಟುಕೊಳ್ಳಿ.

ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೂ ಕಾರ್ಡ್ ಇರಲಿ, ಬಿಟ್ಟ ಪುಟ ಮತ್ತು ಕಾರಣ ಒಂದು ಸಾಲು. ನಿಮ್ಮ ‘ಮದುಮಗಳು ಪುಟ 100, ಯಾರು ಯಾರ ಮನೆಯವರು ತಿಳಿಯಲಿಲ್ಲ’ ಎಂಬ ಸಾಲೇ ಈ ಪಟ್ಟಿಯಲ್ಲೆಲ್ಲ ಹೆಚ್ಚು ಉಪಯೋಗಕ್ಕೆ ಬಂದದ್ದು.

ಹಾಳೆಮಡಿಕೆ:

ಎಲ್ಲರಿಗೂ ಧನ್ಯವಾದ. ಎ4 ಹಾಳೆ ಅಡ್ಡ ಇಟ್ಟು ಆರು ಊರು ಬರೆದಾಯಿತು, ಮತ್ತೆ ಮೊದಲ ಪುಟದಿಂದಲೇ ಶುರು. ಒಂದು ಸಂದೇಹ: ಪಾದ್ರಿ ಜೀವರತ್ನಯ್ಯನನ್ನು ಯಾವ ಊರಿನ ಕೆಳಗೆ ಹಾಕಲಿ?

ಕಿರುಜಗಲಿ:

ಯಾವ ಮನೆಗೂ ಸೇರಿಸಬೇಡಿ, ಹಾಳೆಯ ಅಂಚಿನಲ್ಲಿ ಬರೆದು ಬೆಟ್ಟಳ್ಳಿಯ ದೇವಯ್ಯನ ಕಡೆಗೆ ಒಂದು ಬಾಣ ಎಳೆಯಿರಿ. ಪಕ್ಕದಲ್ಲೇ ‘ಬೀಸೆಕಲ್ಲು’ ಎಂದೂ ಬರೆದುಕೊಳ್ಳಿ. ಬೈಸಿಕಲ್ಲು ಆ ಕಾಡಿಗೆ ಬಂದಾಗ ಜನರ ಬಾಯಲ್ಲಿ ಏನಾಯಿತು ಎಂಬುದು ಅಲ್ಲಿಗೆ ಹೋದಾಗ ಗೊತ್ತಾಗುತ್ತದೆ.