ಪದಚರ್ಚೆ: ರೈತರ ಕೋವಿಡ್ ಹಣಕ್ಕೆ ‘ಪರಿಹಾರ’ ಅನ್ನಬಹುದೇ?

ಗೆಳೆಯರೇ,

ಅಮೆರಿಕದ ಅಯೋವಾ ರಾಜ್ಯದ ರೈತರಿಗೆ 2020ರಲ್ಲಿ ಸಿಕ್ಕ ಕೋವಿಡ್ ಹಣದ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ. ಆ ಹಣವನ್ನು ಏನೆಂದು ಕರೆಯಲಿ?

ಸುಮ್ನೆ ‘ಪರಿಹಾರ’ ಎಂದು ಬರೆದು ಮುಂದೆ ಹೋಗಬಹುದಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಸರ್ಕಾರ ಹೂವು ಬೆಳೆದವರಿಗೆ ಹೆಕ್ಟೇರಿಗೆ 25,000 ರೂಪಾಯಿ, ಮೆಕ್ಕೆಜೋಳ ಬೆಳೆದವರಿಗೆ ತಲಾ 5,000 ರೂಪಾಯಿ ಎಂದಾಗ ನಾವೆಲ್ಲ ಅಂದದ್ದು ಅದನ್ನೇ ಅಲ್ವಾ? ‘ಪರಿಹಾರ ಬಂತೇನಪ್ಪಾ?’ ಅಂದರೆ ಖಾತೆಗೆ ದುಡ್ಡು ಬಿತ್ತಾ ಅಂತಲೇ ಅರ್ಥ.

ಆದರೆ ಅಲ್ಲಿನ ಯೋಜನೆಯ ಹೆಸರಲ್ಲಿರುವುದು ‘ಅಸಿಸ್ಟೆನ್ಸ್’, ಅಂದರೆ ನೆರವು. ಮೊದಲ ಕಂತಿಗೆ ಮೇ 26ರಿಂದ ಅರ್ಜಿ ತೆಗೆದುಕೊಂಡರು. ಜನವರಿಯಿಂದ ಏಪ್ರಿಲ್ ನಡುವೆ ಬೆಲೆ ಶೇ. 5 ಅಥವಾ ಅದಕ್ಕಿಂತ ಜಾಸ್ತಿ ಕುಸಿದ ಬೆಳೆಗಳಿಗೆ ಹಣ. ನಷ್ಟ ನೋಡಿ ಕೊಟ್ಟದ್ದು, ಹಾಗಾಗಿ ‘ಪರಿಹಾರ’ ಒಪ್ಪುತ್ತದೆ. ಸೆಪ್ಟೆಂಬರಿನಲ್ಲಿ ಎರಡನೆಯದು ಬಂತು. ಓಟ್ಸ್, ಕುದುರೆಮಸಾಲೆ ಸೊಪ್ಪು ಇಂಥವಕ್ಕೆ ಬೆಲೆ ಅಷ್ಟು ಬೀಳದಿದ್ದರೂ, ಬೆಲೆಯ ಲೆಕ್ಕವೇ ಸಿಗದಿದ್ದರೂ ಎಕರೆಗೆ 15 ಡಾಲರ್. ನಷ್ಟ ತೋರಿಸದೆ ಬಂದದ್ದನ್ನು ಪರಿಹಾರ ಅನ್ನಲು ನನಗೆ ನಾಲಿಗೆ ಬರುವುದಿಲ್ಲ. ‘ಸಹಾಯಧನ’ ಅಂದರೋ, ನಮ್ಮೂರಲ್ಲಿ ಅದು ಡ್ರಿಪ್ ಪೈಪಿಗೆ, ಟಿಲ್ಲರಿಗೆ ಸಿಗುವ ಸಬ್ಸಿಡಿ. ‘ನೆರವಿನ ಹಣ’ ಹೇಗೆ?

ಅಂದ ಹಾಗೆ, ಪರಿಹಾರಕ್ಕೂ ಹೊಲಕ್ಕೂ ನಂಟು ಹಳೆಯದು. ನಮ್ಮ ಶಾಸನಗಳಲ್ಲಿ ‘ಸರ್ವಬಾಧಾಪರಿಹಾರ’ ಎಂದು ಭೂಮಿ ಬಿಡುತ್ತಿದ್ದರು. ಅಂದರೆ ಅದರ ಮೇಲೆ ತೆರಿಗೆ, ಕಾಟ ಏನೂ ಇಲ್ಲ. ಆಗ ಪರಿಹಾರವೆಂದರೆ ರಾಜ ಕೇಳದೆ ಬಿಟ್ಟದ್ದು, ಈಗ ಸರ್ಕಾರ ಕೈಗೆ ಕೊಡುವುದು. ಪದ ಪೂರ್ತಿ ಮಗ್ಗುಲು ಬದಲಿಸಿದೆ. ಹಾಗಾಗಿ ಇನ್ನೊಂದು ಅರ್ಥವನ್ನೂ ಹೊತ್ತುಕೊಂಡೀತು ಎಂದು ನೀವು ವಾದಿಸಿದರೆ ನಾನು ಜಗಳಕ್ಕೆ ಬರುವುದಿಲ್ಲ.

ಇನ್ನು ‘ಕೌಂಟಿ’. ನಿಘಂಟುಗಳು ಜಿಲ್ಲೆ ಅನ್ನುತ್ತವೆ. ಅಯೋವಾ ನಮ್ಮ ರಾಜ್ಯಕ್ಕಿಂತ ಚಿಕ್ಕದು, ಆದರೂ ಅಲ್ಲಿ 99 ಕೌಂಟಿಗಳಿವೆ. ಅಳತೆಯಲ್ಲಿ ನಮ್ಮ ತಾಲ್ಲೂಕಿಗೇ ಹತ್ತಿರ. ರೈತರು ಅರ್ಜಿ ಹಿಡಿದು ಹೋದದ್ದೂ ಕೌಂಟಿ ಮಟ್ಟದ ಕೃಷಿ ಕಚೇರಿಗೆ. ನಮ್ಮವರು ರೈತ ಸಂಪರ್ಕ ಕೇಂದ್ರಕ್ಕೆ ಹೋದ ಹಾಗೆ. ನಾನು ‘ಕೌಂಟಿ’ ಎಂದೇ ಉಳಿಸಿಕೊಂಡಿದ್ದೇನೆ.

ನಿಜಕ್ಕೂ ಕಾಡುತ್ತಿರುವುದು ಇದು. ಹಣ ಯಾರಿಗೆ? ಮೂಲ ಬರಹದಲ್ಲಿ ‘ಫಾರ್ಮ್’ಗೆ (farm) ಎಂದಿದೆ. ಹೊಲಕ್ಕೆ ದುಡ್ಡು ಕೊಟ್ಟರು ಅನ್ನಲಾದೀತೇ? ‘ರೈತ’ ಅಂದರೆ ಕಂಪನಿಯಾಗಿ ನಡೆಯುವ ಬೇಸಾಯ ಹೊರಗುಳಿಯುತ್ತದೆ. ‘ಹಿಡುವಳಿದಾರ’ ಅಂದ ಕೂಡಲೇ ನಮಗೆ ಕಾಣುವುದು ಪಹಣಿಯಲ್ಲಿರುವ ಹೆಸರು. ಅಲ್ಲಿ ನಗದು ಗೇಣಿಗೆ ಭೂಮಿ ಕೊಟ್ಟು ಕೂತ ಮಾಲೀಕನಿಗೆ ಹಣವಿಲ್ಲ. ಬೆಳೆಯ ಲಾಭನಷ್ಟಕ್ಕೆ ಹೆಗಲು ಕೊಟ್ಟವನಿಗೆ ಮಾತ್ರ. ಇಂಥವನಿಗೆ ‘ಬೇಸಾಯಗಾರ’, ‘ಒಕ್ಕಲು’, ‘ಸಾಗುವಳಿದಾರ’ ಇವುಗಳಲ್ಲಿ ಯಾವುದು ಹೊಂದುತ್ತದೆ? ನಿಮ್ಮ ಕಡೆ, ಪಾಲಿಗೆ ಮಾಡುವವನಿಗೆ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ.