ಕೋಟೆ ಕೆರೆ ಸುತ್ತ ಅರ್ಧ ದಿನ: ಎಲ್ಲಿಂದ ಶುರು ಮಾಡೋದು?

ಕೇಳಿದ್ದು: ಶನಿವಾರ ಗದಗಿನಿಂದ ಬೆಳಗಾವಿಗೆ ಬರ್ತಿದ್ದೇವೆ. ಜೊತೆಗೆ ಅವ್ವ ಇರ್ತಾರೆ, ಮೊಣಕಾಲು ನೋವು. ಬೆಳಗ್ಗೆ 7ರಿಂದ 12ರವರೆಗೆ ಕೋಟೆ ಕೆರೆ, ಕೋಟೆ, ಸ್ವಲ್ಪ ಪೇಟೆ ನೋಡಬೇಕು. ಕ್ರಮ ಹೇಗೆ? (ಉತ್ತರ ಕೊಟ್ಟವರು ಬೆಳಗಾವಿಯ ಮೂರು ಬಡಾವಣೆಯವರು.)

ಅಶೋಕನಗರದಿಂದ:
ಕೆರಿ ಮೊದಲು, ಕೋಟೆ ಆಮೇಲೆ, ಪೇಟೆ ಕಡೀಕ. ಉಲ್ಟಾ ಮಾಡಬ್ಯಾಡ್ರಿ, 8ಕ್ಕ ಹೋದ್ರ ಪೇಟೆಯೊಳಗ ಬರೀ ಶಟರ್ ನೋಡ್ತೀರಿ. ಬಸ್ಸಿಗೆ ಬಂದ್ರ ಸೆಂಟ್ರಲ್ ಬಸ್ ಸ್ಟ್ಯಾಂಡ್ ಹತ್ರಾನ ಐತಿ. ರೈಲಿಗೆ ಬಂದ್ರ ಸುಮಾರು 3 ಕಿ.ಮೀ., ಆಟೋ ಮಾಡ್ರಿ. ಆಟೋದವರಿಗೆ ಬರೇ ‘ಕಿಲ್ಲಾ’ ಅಂದ್ರ ಕೋಟೆ ಬಾಗಿಲಿಗೆ ಬಿಡ್ತಾರ; ‘ಕಿಲ್ಲಾ ತಲಾವ್, ಅಶೋಕ ಸರ್ಕಲ್’ ಅನ್ರಿ.

ದಂಡಿ ಮ್ಯಾಲಿನ ಧ್ವಜಸ್ತಂಭ 110 ಮೀಟರ್, 2018ರಾಗ ನಿಲ್ಲಿಸಿದ್ದು. ಅದನ್ನ ನೋಡಾಕಂತನ ಬಂದು ಬರೀ ಕಂಬ ನೋಡಿ ಹೋದವರು ರಗಡ ಮಂದಿ. ಬಟ್ಟೆ 120 ಅಡಿಗೆ 80 ಅಡಿ, ಅಷ್ಟು ಎತ್ತರದ ಗಾಳಿಗೆ ಹೊಲಿಗಿ ಬಿಟ್ಟು ಹರೀತದ, ಅದಕ್ಕ ಇಳಿಸ್ತಾರ. ಮಳಿಗಾಲದಾಗಂತೂ ಆಸೆ ಬ್ಯಾಡ. ದೋಣಿ ಐತಿ ಅಂತ ಮಕ್ಕಳಿಗೆ ಮೊದಲ ಮಾತು ಕೊಡಬ್ಯಾಡ್ರಿ.

ಕ್ಯಾಂಪ್ ಕಡೆಯವರು:
ಕೋಟೆ ಬಾಗಿಲಲ್ಲಿ ಗಣಪತಿ ಮತ್ತು ದುರ್ಗೆಯ ಗುಡಿಗಳಿವೆ, ಅದೇ ಗುರುತು. ಅವ್ವನವರನ್ನು ಅಲ್ಲಿ ಇಳಿಸಿ ನಡೆಸಬೇಡಿ, ಆಟೋ ಒಳಗಿನ ಜೈನ ಗುಡಿ ಕಮಲ ಬಸದಿವರೆಗೂ ಒಯ್ಯಿರಿ. ಒಳಗೆ ಸೇನೆಯ ಜಾಗವೂ ಇದೆ. ಫಲಕ ಕಂಡಲ್ಲಿ ಮೊಬೈಲ್ ಜೇಬಿಗೆ.

ಬಸದಿಗೆ ಅವಸರ ಬೇಡ. 1204ರದು, ರಟ್ಟ ಮನೆತನದ ಅರಸ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ್ದು. ಒಳಗೆ ನೇಮಿನಾಥ. ಬಹಳ ಜನ ಮೂರ್ತಿಗೆ ಕೈಮುಗಿದು ಹೊರಬರುತ್ತಾರೆ, ತಲೆ ಎತ್ತುವುದೇ ಇಲ್ಲ. ಮಂಟಪದ ನಡುವೆ ನಿಂತು ಮೇಲೆ ನೋಡಿ: ಛಾವಣಿಯಿಂದ ಕಲ್ಲಿನ ಕಮಲ ಇಳಿಬಿದ್ದಿದೆ, ಎಸಳು 72. ಹಿಂದಿನ, ಇಂದಿನ, ಮುಂದಿನ ತೀರ್ಥಂಕರರು ತಲಾ 24, ಅದೇ ಲೆಕ್ಕ. ಫ್ಲ್ಯಾಶ್ ಹಾಕಿದರೆ ಕಪ್ಪು ಕಲ್ಲು ಬೆಳ್ಳಗೆ ಹೊಳೆದು ಕೆತ್ತನೆ ಸಪಾಟಾಗುತ್ತದೆ. ಬಾಗಿಲ ಬೆಳಕೇ ಸಾಕು. ಚರ್ಮದ ಬೆಲ್ಟು, ಪರ್ಸು ಹೊರಗಿಟ್ಟು ಹೋಗಿ. ಪಕ್ಕದ ಚಿಕ್ಕಿ ಬಸದಿ ಪಾಳುಬಿದ್ದಿದೆ, ಐದು ನಿಮಿಷ ಸಾಕು. ರಾಮಕೃಷ್ಣ ಆಶ್ರಮವೂ ಕೋಟೆಯೊಳಗೇ ಇದೆ. 1892ರಲ್ಲಿ ವಿವೇಕಾನಂದರು ಉಳಿದಿದ್ದ ಜಾಗ. ಅವ್ವನವರು ಸ್ವಲ್ಪ ಕೂತು ಸುಧಾರಿಸಿಕೊಳ್ಳಲು ಅನುಕೂಲ.

ಶಹಾಪುರದಿಂದ:
ಪೇಟೆಗೆ ಹೋಗೂಮುಂದ ಆಟೋದವರಿಗೆ ಬರೇ ‘ಖಡೇಬಜಾರ’ ಅಂತ ಹೇಳಬ್ಯಾಡ್ರಿ. ನಮ್ಮ ಶಹಾಪುರದಾಗೂ ಒಂದು ಖಡೇಬಜಾರ ಐತಿ. ನಿಮಗ ಬೇಕಾದದ್ದು ಊರೊಳಗಿಂದು, ‘ಗಣಪತಿ ಗಲ್ಲಿ ಹತ್ರದ್ದು’ ಅನ್ರಿ.

ಹೆಸರು ತಿಳಕೊಂಡ್ರ ದಾರಿ ಅರ್ಧ ತಿಳದಂಗ. ‘ವೇಸ್’ ಅಂದ್ರ ನಮ್ಮ ಅಗಸಿ, ಊರ ಬಾಗಿಲು: ಕಾಕತಿವೇಸ್ ಕಾಕತಿ ಕಡೆ, ಗೋವಾವೇಸ್ ಗೋವಾ ಕಡೆ. ‘ಖೂಟ’ ಅಂದ್ರ ದಾರಿ ಕೂಡೋ ಜಾಗ, ಶನಿವಾರ ಖೂಟ ಇದ್ದಂಗ. ಬೋಗಾರವೇಸಿಗೆ ಸಂಭಾಜಿ ಚೌಕ ಅಂತ ಇನ್ನೊಂದು ಹೆಸರು, ಎರಡೂ ಒಂದ. ಗಲ್ಲಿಯೊಳಗ ಕಾರ್ ತರಬ್ಯಾಡ್ರಿ, ಹೊಕ್ಕ ಮ್ಯಾಲ ತಿರುಗಿಸಾಕ ಜಾಗಾ ಇಲ್ಲ.

ಕೇಳಿದ್ದು: ಗಣಪತಿ ಹಬ್ಬದಲ್ಲಿ ಬಂದರೆ?

ಅಶೋಕನಗರದಿಂದ:
ಅನಂತ ಚತುರ್ದಶಿ ದಿನ ಬಿಟ್ಟು ಬರ್ರಿ. ಮೆರವಣಿಗಿ ಕಪಿಲೇಶ್ವರ ಹೊಂಡದ ಕಡೆ ಹೋಗ್ತದ, ಪೇಟೆ ರಸ್ತೆ ಬಂದ್. ಮರುದಿನ ಬೆಳತನಕನೂ ಮುಗಿಯೂದಿಲ್ಲ.

ಶಹಾಪುರದಿಂದ:
ಕುಂದಾ ಕಡೀಕ ತಗೋರಿ. ಹಾಲಿನ ಪದಾರ್ಥ, ಬಿಸಿ ಇದ್ದಾಗ ಡಬ್ಬಿ ಮುಚ್ಚಿದ್ರ ಒಳಗ ಬೆವತು ಲಗೂ ಕೆಡ್ತದ. ಆರಿದ್ದನ್ನ ಕಟ್ಟಿಸ್ರಿ, ಗದಗಿನ ತನಕ ಬ್ಯಾಗಿನ ಮ್ಯಾಲ ಇಡ್ರಿ, ತಳಕ್ಕಲ್ಲ.