ಸಹಾಯ ಬೇಕು: ಗೆಳತಿಗೆ ಫೋಟೋ ಹಾಕ್ತೀನಿ ಅಂತ ಬೆದರಿಕೆ

ನನ್ನ ಗೆಳತಿಯ ಖಾಸಗಿ ಫೋಟೋಗಳನ್ನು ಎಲ್ಲರಿಗೂ ಕಳಿಸ್ತೀನಿ ಅಂತ ಹಳೆಯ ಪರಿಚಯದವನೊಬ್ಬ ಮೂರು ದಿನದಿಂದ ಹೆದರಿಸುತ್ತಿದ್ದಾನೆ. ಅವಳು ಭಯಕ್ಕೆ ಖಾತೆಯನ್ನೇ ಅಳಿಸಲು ಹೊರಟಿದ್ದಳು, ನಾನೇ ತಡೆದು ಮೆಸೇಜು, ತಾರೀಖು, ಅವನ ಪ್ರೊಫೈಲ್ ಲಿಂಕ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಸಿ ಇಟ್ಟಿದ್ದೇನೆ. ಪಾಸ್‌ವರ್ಡೂ ಬದಲಾಯಿಸಿದೆವು.

18 ದಾಟಿದವರಿಗೆ ಸ್ಟಾಪ್‌ಎನ್‌ಸಿಐಐ ಅನ್ನೋ ಉಚಿತ ಸೇವೆ ಇದೆ ಅಲ್ವಾ, ಅದರಲ್ಲಿ ಫೋಟೋ ನಮ್ಮ ಫೋನ್‌ನಲ್ಲೇ ಉಳಿಯುತ್ತದೆ, ಅದರಿಂದ ತಯಾರಾಗುವ ಡಿಜಿಟಲ್ ಗುರುತು (ಒಂದು ಕೋಡ್) ಮಾತ್ರ ಹೋಗುತ್ತದೆ, ಆ ಸೇವೆಯ ಜೊತೆಗೂಡಿದ ಸೋಷಿಯಲ್ ಮೀಡಿಯಾದಂಥ ಕಂಪನಿಗಳು ಆ ಗುರುತಿಗೆ ಹೊಂದುವ ಫೋಟೋ ತಮ್ಮಲ್ಲಿದ್ದರೆ ಹುಡುಕಿ ತೆಗೆಯುತ್ತವೆ. ಆದರೆ ಅವಳ ಹತ್ತಿರ ಮೂಲ ಫೋಟೋ ಇಲ್ಲ, ಅವನು ಕಳಿಸಿದ್ದರ ಸ್ಕ್ರೀನ್‌ಶಾಟ್ ಅಷ್ಟೇ. ಅದು ಸಾಕಾಗುತ್ತಾ? ಬಳಸಿದವರು ದಯವಿಟ್ಟು ಹೇಳಿ.

ಇನ್ನೊಂದು, ಅವಳು ತಪ್ಪೆಲ್ಲ ತನ್ನದೇ ಅಂತ ಕೂತಿದ್ದಾಳೆ, ಊಟವೂ ಸರಿಯಾಗಿ ಮಾಡುತ್ತಿಲ್ಲ. ಇಂಥದ್ದನ್ನು ದಾಟಿ ಬಂದವರು ಇದ್ದರೆ, ಆಗ ನಿಮಗೆ ಯಾರ ಯಾವ ಮಾತು ಧೈರ್ಯ ಕೊಟ್ಟಿತು?